ಡಿಸ್ಚಾರ್ಜ್ ಆಯ್ತು, ಮುಂದೇನು?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯ. ಆಸ್ಪತ್ರೆಯಲ್ಲಿದ್ದಾಗ ಎಲ್ಲ ಸರಿಯಾಗಿತ್ತು, ಮನೆಗೆ ಬಂದ ಮೇಲೆ ಕೈಕಾಲೇ ಆಡುತ್ತಿಲ್ಲ ಅಂತ. ನನಗೇನೂ ಆಶ್ಚರ್ಯ ಆಗಲಿಲ್ಲ. ಬೆಂಗಳೂರಿನಲ್ಲಿ 28 ವರ್ಷ ವಾರ್ಡ್ ಸಿಸ್ಟರ್ ಆಗಿ ಕೆಲಸ ಮಾಡಿದವಳು ನಾನು. ಡಿಸ್ಚಾರ್ಜ್ ದಿನ ಹೇಗಿರುತ್ತದೆ ಅಂತ ಗೊತ್ತು. ಬೆಳಿಗ್ಗೆ ರೌಂಡ್ಸಿಗೆ ಬಂದ ಡಾಕ್ಟರ್ "ಇವತ್ತು ಮನೆಗೆ ಹೋಗಬಹುದು" ಅನ್ನುತ್ತಾರೆ. ಇನ್ಶೂರೆನ್ಸ್ ಅಪ್ರೂವಲ್ ಬರುವ ಹೊತ್ತಿಗೆ ಸಂಜೆ 5 ಗಂಟೆ. ಅಷ್ಟರಲ್ಲಿ ಎಲ್ಲರಿಗೂ ಹಸಿವು, ಸಿಟ್ಟು. ಒಂದು ಕೈಯಲ್ಲಿ ಬಕೆಟ್ಟು, ಫ್ಲಾಸ್ಕು. ಇನ್ನೊಂದು ಕೈಯಲ್ಲಿ ಫೋನು, ಅದರೊಳಗಿಂದ ಕ್ಯಾಬ್ ಡ್ರೈವರ್ "ಗೇಟ್ ಹತ್ರ ನಿಲ್ಲಿಸೋಕೆ ಬಿಡ್ತಿಲ್ಲ, ಬೇಗ ಬನ್ನಿ ಸಾರ್" ಅಂತ ಕೂಗುತ್ತಿರುತ್ತಾನೆ. ಆಗ ಸಿಸ್ಟರ್ ಬಂದು 9 ಮಾತ್ರೆಗಳ ಲೆಕ್ಕವನ್ನು 3 ನಿಮಿಷದಲ್ಲಿ ಒಪ್ಪಿಸುತ್ತಾಳೆ. ನೀವು "ಹೂಂ, ಹೂಂ" ಅನ್ನುತ್ತೀರಿ. ತಲೆಗೆ ಒಂದೂ ಹೋಗಿರುವುದಿಲ್ಲ. ಆ ಸಿಸ್ಟರ್ ಎಷ್ಟೋ ಸಲ ನಾನೇ ಆಗಿದ್ದೆ. ಹಾಗಾಗಿ ಇವತ್ತಿನ ಉತ್ತರಗಳಲ್ಲಿ ಸ್ವಲ್ಪ ಹಳೇ ಬಾಕಿ ತೀರಿಸುವುದೂ ಇದೆ.

ಪ್ರಶ್ನೆ: ಸಿಸ್ಟರ್, ನಮ್ಮ ಅಪ್ಪನಿಗೆ 67 ವರ್ಷ. ಹೋದ ತಿಂಗಳು ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದರು. ಡಿಸ್ಚಾರ್ಜ್ ಪೇಪರಿನಲ್ಲಿ 9 ಮಾತ್ರೆ ಇವೆ. ಮೊದಲಿಂದಲೂ ಬಿಪಿ, ಶುಗರ್ ಮಾತ್ರೆ ತಗೊಳ್ಳುತ್ತಿದ್ದರು, ಅದನ್ನು ಬಿಡಬೇಕಾ ಮುಂದುವರಿಸಬೇಕಾ ಅಂತ ಯಾರೂ ಹೇಳಲಿಲ್ಲ. ಈಗ ಎದ್ದು ನಿಂತರೆ ತಲೆ ಸುತ್ತುತ್ತದೆ ಅನ್ನುತ್ತಾರೆ. ವೀಕ್‌ನೆಸ್ ಇರಬಹುದಾ?
ಮಗಳು, ವಿದ್ಯಾರಣ್ಯಪುರ

ಉತ್ತರ: ಇರಬಹುದು. ಆದರೆ ವೀಕ್‌ನೆಸ್ ಅಂತ ತೀರ್ಮಾನ ಮಾಡುವ ಮೊದಲು ಒಂದು ಕೆಲಸ ಮಾಡಿ. ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಚಾಪೆ ಮೇಲೆ ಸುರಿಯಿರಿ. ಫ್ರಿಜ್ ಮೇಲಿರುವುದು, ದೇವರ ಮನೆ ಕಿಟಕಿಯಲ್ಲಿರುವುದು, ಅಪ್ಪನ ಶರ್ಟಿನ ಜೇಬಿನಲ್ಲಿರುವುದು, ಎಲ್ಲ. ಆಮೇಲೆ ಸ್ಟ್ರಿಪ್ಪಿನ ಮೇಲೆ ದಪ್ಪಕ್ಷರದಲ್ಲಿರುವ ಕಂಪನಿ ಇಟ್ಟ ಹೆಸರು ಬಿಟ್ಟುಬಿಡಿ. ಅದರ ಪಕ್ಕ ಇರುವೆಯಷ್ಟು ಸಣ್ಣದಾಗಿ ಔಷಧಿಯ ಅಸಲಿ ಹೆಸರು ಇರುತ್ತದೆ, ಅದನ್ನು ಓದಿ. ಕಣ್ಣಿಗೆ ಕಾಣದಿದ್ದರೆ ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ.

ಉದಾಹರಣೆಗೆ, ಹಳೇ ಬಿಪಿ ಮಾತ್ರೆಯ ಸ್ಟ್ರಿಪ್ಪಿನಲ್ಲಿ ಟೆಲ್ಮಿಸಾರ್ಟನ್ 40 ಅಂತಿರುತ್ತದೆ. ಆಸ್ಪತ್ರೆಯವರು ಕೊಟ್ಟ ಹೊಸದರಲ್ಲಿ ಟೆಲ್ಮಿಸಾರ್ಟನ್ ಜೊತೆಗೆ ಆಮ್ಲೋಡಿಪಿನ್ ಅನ್ನುವ ಇನ್ನೊಂದು ಬಿಪಿ ಔಷಧಿ ಸೇರಿರುತ್ತದೆ, ಹೆಸರು ಬೇರೆ, ಬಣ್ಣ ಬೇರೆ. ಅಪ್ಪ ಎರಡನ್ನೂ ನುಂಗುತ್ತಿರುತ್ತಾರೆ. ಬಿಪಿ ಇಳಿದು ತಲೆ ಸುತ್ತದೆ ಇನ್ನೇನು ಆದೀತು?

ಇದು ಪುಸ್ತಕದ ಮಾತಲ್ಲ. ನಮ್ಮ ಮಾವನವರಿಗೇ ಆಗಿದ್ದು. ನಗರದ ಒಂದು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ 11 ದಿನ ಎರಡೆರಡು ಬಿಪಿ ಮಾತ್ರೆ ತಗೊಂಡರು. ಒಂದು ಬೆಳಿಗ್ಗೆ ಬಚ್ಚಲಿಂದ ಬರುತ್ತಾ ಬಾಗಿಲಿಗೆ ಒರಗಿ ಹಾಗೇ ಕುಸಿದರು. ನೋಡಿದರೆ ಬಿಪಿ 88/54. ಡಿಸ್ಚಾರ್ಜ್ ಪೇಪರನ್ನು ಮೂರು ಸಲ ತಿರುವಿ ಹಾಕಿದೆ, ಹಳೇ ಮಾತ್ರೆ ನಿಲ್ಲಿಸಿ ಅಂತ ಎಲ್ಲೂ ಬರೆದಿರಲಿಲ್ಲ. ಅವರದು ತಪ್ಪು, ಸರಿ. ಆದರೆ ಮನೆಯಲ್ಲೇ ನರ್ಸು ಅಂತ ನಾನೊಬ್ಬಳು ಇದ್ದೆನಲ್ಲ, ದಿನಾ ನೀರು ಕೊಟ್ಟವಳು ನಾನೇ!

ಹಾಗಂತ ನೀವೇ ಕೂತು ಯಾವುದನ್ನೂ ನಿಲ್ಲಿಸಬೇಡಿ. ಎಲ್ಲ ಸ್ಟ್ರಿಪ್ಪುಗಳನ್ನು ಒಂದು ಚೀಲಕ್ಕೆ ಹಾಕಿಕೊಂಡು, ಡಿಸ್ಚಾರ್ಜ್ ಪೇಪರ್ ಸಮೇತ ಇವತ್ತೇ ಡಾಕ್ಟರ ಹತ್ತಿರ ಹೋಗಿ. ಹೃದ್ರೋಗ ತಜ್ಞರು ಸಿಗದಿದ್ದರೆ ನಿಮ್ಮ ಫ್ಯಾಮಿಲಿ ಡಾಕ್ಟರಾದರೂ ಸರಿ. "ಯಾವುದು ಇರಲಿ, ಯಾವುದು ಬೇಡ, ಬರೆದು ಕೊಡಿ" ಅಂತ ಕೇಳಿ. ಬಾಯಿಮಾತು ಬೇಡ. ಬಿಪಿಯನ್ನು ಕೂತಾಗ ಒಮ್ಮೆ, ಎದ್ದು ನಿಂತ ಮೇಲೆ ಒಮ್ಮೆ ನೋಡಿಸಿ. ಹತ್ತಿರದ ಸರ್ಕಾರಿ "ನಮ್ಮ ಕ್ಲಿನಿಕ್"ನಲ್ಲಿ ಬಿಪಿ, ಶುಗರ್ ಉಚಿತವಾಗಿ ನೋಡುತ್ತಾರೆ. ಮೇಲಿನ ಅಂಕಿ 90ಕ್ಕಿಂತ ಕೆಳಗೆ ಬಂದು ತಲೆ ಸುತ್ತುತ್ತಿದ್ದರೆ ಕಾಯಬೇಡಿ, ಸೀದಾ ಆಸ್ಪತ್ರೆಗೆ ಹೋಗಿ.

ಆ 9ರಲ್ಲಿ ಎರಡು ಮಾತ್ರೆ ಮಾತ್ರ ಒಂದು ದಿನವೂ ತಪ್ಪಬಾರದು. ಒಂದು ಆಸ್ಪಿರಿನ್. ಇನ್ನೊಂದು ಕ್ಲೊಪಿಡೋಗ್ರೆಲ್, ಟಿಕಾಗ್ರೆಲಾರ್ ಅಥವಾ ಪ್ರಾಸುಗ್ರೆಲ್, ಈ ಮೂರರಲ್ಲಿ ಒಂದು. ಸ್ಟೆಂಟ್ ಅಂದರೆ ರಕ್ತನಾಳದೊಳಗೆ ಕೂತಿರುವ ಲೋಹದ ಜಾಲರಿ. ಅದರ ಮೇಲೆ ರಕ್ತ ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳುವುದು ಈ ಎರಡು. ಹಾರ್ಟ್ ಅಟ್ಯಾಕ್ ಆದವರಿಗೆ ಸಾಮಾನ್ಯವಾಗಿ ಒಂದು ವರ್ಷ ಎರಡೂ ಬೇಕು, ಆಮೇಲೆ ಡಾಕ್ಟರ್ ಒಂದನ್ನು ಕಡಿಮೆ ಮಾಡಬಹುದು. ಹಲ್ಲು ಕೀಳಿಸಬೇಕು ಅಂತ ನಿಲ್ಲಿಸುವವರಿದ್ದಾರೆ, ಈಗ ಚೆನ್ನಾಗಿದ್ದೀನಲ್ಲ ಅಂತ ನಿಲ್ಲಿಸುವವರೂ ಇದ್ದಾರೆ. ಹೃದ್ರೋಗ ತಜ್ಞರನ್ನು ಕೇಳದೆ ಬೇಡವೇ ಬೇಡ. ಮಂಡಿನೋವು ಅಂತ ಮೆಡಿಕಲ್ ಸ್ಟೋರಿನಿಂದ ಡೈಕ್ಲೋಫೆನಾಕ್ ತಂದು ನುಂಗುವುದೂ ಬೇಡ. ಇವುಗಳ ಜೊತೆ ಅದೂ ಸೇರಿದರೆ ಹೊಟ್ಟೆಯೊಳಗೆ ರಕ್ತ ಸೋರಬಹುದು. ಮಲ ಟಾರಿನ ಹಾಗೆ ಕಪ್ಪಾಗಿ ಹೋದರೆ ಅವತ್ತೇ ತೋರಿಸಿ.

ಇನ್ನು ಪೇಪರಿನ ಭಾಷೆ. 1-0-1 ಅಂದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಎಚ್‌ಎಸ್ ಅಂದರೆ ಮಲಗುವಾಗ. ಎಸ್‌ಒಎಸ್ ಅಂದರೆ ಬೇಕಾದಾಗ ಮಾತ್ರ, ದಿನಾ ಅಲ್ಲ. ಬಿಬಿಎಫ್ ಅಂದರೆ ತಿಂಡಿಗೆ ಮುಂಚೆ. "5 ದಿನ" ಅಂತ ಬರೆದಿದ್ದರೆ ಅದು 5 ದಿನಕ್ಕೆ ಮುಗಿಯಿತು. ಆದರೆ ಆಸ್ಪತ್ರೆಯ ಫಾರ್ಮಸಿಯವರು 15 ದಿನದ ಮಾತ್ರೆ ಕೊಟ್ಟಿದ್ದಾರೆ, ಅದು ಖಾಲಿಯಾಯಿತು, ಅಂದರೆ ಕೋರ್ಸ್ ಮುಗಿಯಿತು ಅಂದುಕೊಳ್ಳುತ್ತಾರಲ್ಲ, ಅಲ್ಲೇ ಅನಾಹುತ ಆಗುವುದು. ಹೃದಯದ ಮಾತ್ರೆ ಕೆಮ್ಮಿನ ಸಿರಪ್ ಅಲ್ಲ, ಖಾಲಿಯಾದ ದಿನ ನಿಲ್ಲಿಸುವುದಕ್ಕೆ. ದುಡ್ಡು ಜಾಸ್ತಿ ಆಗುತ್ತಿದ್ದರೆ ಜನೌಷಧಿ ಕೇಂದ್ರದಲ್ಲಿ ಕೊಳ್ಳಿ, ಅಸಲಿ ಹೆಸರೂ ಮಿಲಿಗ್ರಾಂ ಲೆಕ್ಕವೂ ಹೊಂದಿದರೆ ಸಾಕು. ಅಂಗಡಿಯವರು ಸ್ಟ್ರಿಪ್ ಕತ್ತರಿಸಿ ಕೊಡುವಾಗ ಮಾತ್ರೆಯ ಹೆಸರಿರುವ ತುಂಡನ್ನೇ ಕೇಳಿ. ಹೆಸರಿಲ್ಲದ ನಾಲ್ಕು ಬಿಳಿ ಮಾತ್ರೆ ಮನೆಗೆ ತಂದರೆ ಅವು ಏನು ಅಂತ ಆ ದೇವರಿಗೂ ಗೊತ್ತಾಗುವುದಿಲ್ಲ.

ಪ್ರಶ್ನೆ: ಅಮ್ಮನಿಗೆ ಸ್ಟ್ರೋಕ್ ಆಗಿ ಎರಡು ತಿಂಗಳು. ಎಡಗೈ, ಎಡಗಾಲು ಸ್ವಾಧೀನ ಇಲ್ಲ. ಮೂಗಿನಲ್ಲಿ ಆಹಾರ ಕೊಡುವ ರೈಲ್ಸ್ ಟ್ಯೂಬ್ ಇದೆ. ನಾವು ಮೂವರು ಗಂಡುಮಕ್ಕಳು, ಕಾಮಾಕ್ಷಿಪಾಳ್ಯ, ಕೆಂಗೇರಿ, ಹೊಸಕೋಟೆಯಲ್ಲಿದ್ದೇವೆ. 20 ದಿನಕ್ಕೆ ಒಬ್ಬರ ಮನೆ ಅಂತ ಮಾಡಿಕೊಂಡಿದ್ದೇವೆ. ಈ ಸಲ ನಮ್ಮ ಮನೆಗೆ ಬಂದಾಗ ನೋಡಿದರೆ ಸೊಂಟದ ಕೆಳಗೆ ಹುಣ್ಣಾಗಿದೆ. ಅಣ್ಣನ ಮನೆಯವರು ಇಲ್ಲಿದ್ದಾಗ ಇರಲಿಲ್ಲ ಅನ್ನುತ್ತಾರೆ. ಹೋಮ್ ನರ್ಸ್ ಇಟ್ಟುಕೊಳ್ಳುವುದು ಒಳ್ಳೆಯದಾ?
ಕಿರಿಯ ಮಗ, ಕೆಂಗೇರಿ

ಉತ್ತರ: ಯಾರ ಮನೆಯಲ್ಲಿ ಆಯಿತು ಅನ್ನುವ ಪಂಚಾಯ್ತಿ ಬಿಡಿ. ಒಂದೇ ಮಗ್ಗುಲಲ್ಲಿ ಕೆಲವೇ ಗಂಟೆ ಬಿದ್ದಿದ್ದರೂ ಚರ್ಮದೊಳಗೆ ಪೆಟ್ಟು ಶುರುವಾಗಿರುತ್ತದೆ, ಮೇಲೆ ಕಾಣುವುದು ಎರಡು ದಿನ ಬಿಟ್ಟು. ಹಾಗಾಗಿ ನಿಮ್ಮಣ್ಣ ಹೇಳುವುದೂ ಸುಳ್ಳಲ್ಲದೇ ಇರಬಹುದು.

ಚರ್ಮ ಒಡೆದಿದ್ದರೆ ಡಾಕ್ಟರಿಗೆ ತೋರಿಸಲೇಬೇಕು. ಪೌಡರ್, ಸ್ಪಿರಿಟ್, ಅರಿಶಿನ ಏನೂ ಹಾಕಬೇಡಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ರಾತ್ರಿಯೂ. ಏರ್ ಬೆಡ್ ಬಾಡಿಗೆಗೆ ಸಿಗುತ್ತದೆ, ಹಾಕಿಸಿ. ಆದರೆ ಏರ್ ಬೆಡ್ ಇದೆಯಲ್ಲ ಅಂತ ತಿರುಗಿಸುವುದನ್ನು ಬಿಡಬೇಡಿ. ಸ್ನಾನ ಮಾಡಿಸುವಾಗ ಸೊಂಟದ ಹಿಂಭಾಗ, ಹಿಮ್ಮಡಿ, ಪಕ್ಕೆಯ ಮೂಳೆ ಇರುವ ಜಾಗ ನೋಡಿ. ಕೆಂಪಾಗಿದ್ದರೆ ಬೆರಳಲ್ಲಿ ಒತ್ತಿ. ಒತ್ತಿದಾಗ ಬಿಳಿಯಾಗಿ, ಬಿಟ್ಟಾಗ ಮತ್ತೆ ಕೆಂಪಾದರೆ ಪರವಾಗಿಲ್ಲ. ಒತ್ತಿದರೂ ಕೆಂಪು ಹಾಗೇ ಇದ್ದರೆ ಹುಣ್ಣು ಶುರುವಾಗಿದೆ ಅಂತ ಲೆಕ್ಕ. ಮೈಬಣ್ಣ ಕಪ್ಪಿದ್ದವರಲ್ಲಿ ಕೆಂಪು ಕಾಣುವುದಿಲ್ಲ, ಆ ಜಾಗ ಬಿಸಿಯಾಗಿದೆಯಾ, ಗಟ್ಟಿಯಾಗಿದೆಯಾ ಮುಟ್ಟಿ ನೋಡಿ. ಉಜ್ಜಬೇಡಿ.

ಟ್ಯೂಬಿನಲ್ಲಿ ಆಹಾರ ಕೊಡುವಾಗ ತಲೆ ಕಡೆ ಎತ್ತರಿಸಿ ಕೂರಿಸಿರಬೇಕು, ಕೊಟ್ಟ ಮೇಲೂ ಅರ್ಧ ಗಂಟೆಯಿಂದ ಒಂದು ಗಂಟೆ ಹಾಗೇ ಇರಲಿ. ಮಲಗಿಸಿ ಕೊಟ್ಟರೆ ಗಂಜಿ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಮೂಗಿನ ಹತ್ತಿರ ಟ್ಯೂಬಿನ ಮೇಲೆ ಒಂದು ಗುರುತು ಇರುತ್ತದೆ, ಪ್ರತಿಸಲ ನೋಡಿ. ಅದು ಹೊರಗೆ ಜಾರಿದ್ದರೆ ಏನೂ ಕೊಡಬೇಡಿ, ನೀವೇ ಒಳಗೆ ತಳ್ಳಲೂ ಬೇಡಿ. ಇನ್ನೊಂದು ವಿಷಯ, ಈ ಟ್ಯೂಬು ಜೀವಮಾನಕ್ಕೆ ಅಂತ ಹಾಕಿದ್ದಲ್ಲ. ನುಂಗುವ ಶಕ್ತಿ ವಾಪಸ್ ಬಂದಿದೆಯಾ ಅಂತ ಸ್ಪೀಚ್ ಥೆರಪಿಸ್ಟ್ ನೋಡಿ ಹೇಳುತ್ತಾರೆ. ಎರಡು ತಿಂಗಳಾಗಿದೆ ಅಂದಿರಿ, ಮೂರು ಮನೆಯಲ್ಲಿ ಒಬ್ಬರಾದರೂ ಆ ಟೆಸ್ಟ್ ಮಾಡಿಸಿದಿರಾ? ನನಗನ್ನಿಸುತ್ತೆ, ಪ್ರತಿಯೊಬ್ಬರೂ ಇನ್ನೊಬ್ಬರು ಮಾಡಿಸಿರುತ್ತಾರೆ ಅಂದುಕೊಂಡಿದ್ದೀರಿ.

ನನಗೆ ನಿಮ್ಮ ಪತ್ರದಲ್ಲಿ ಚುಚ್ಚಿದ್ದು ಹುಣ್ಣಲ್ಲ, ಆ 20 ದಿನದ ಸರದಿ. ನಿಮ್ಮ ಮಟ್ಟಿಗೆ ಅದು ನ್ಯಾಯ. ಅಮ್ಮನಿಗೆ ಮಾತ್ರ 20 ದಿನಕ್ಕೊಮ್ಮೆ ಹೊಸ ಮಂಚ, ಹೊಸ ಡಾಕ್ಟರ್, ಹೊಸ ಫಿಜಿಯೋಥೆರಪಿಸ್ಟ್. ಹೊಸಬರು ಮೊದಲ ನಾಲ್ಕು ದಿನ ಅಮ್ಮನಿಗೆ ಏನಾಗುತ್ತೆ ಏನಾಗಲ್ಲ ಅಂತ ತಿಳಿಯುವುದರಲ್ಲೇ ಕಳೆಯುತ್ತಾರೆ. ಸ್ಟ್ರೋಕ್ ಆದವರಲ್ಲಿ ಕೈಕಾಲು ವಾಪಸ್ ಬರುವುದು ಜಾಸ್ತಿ ಮೊದಲ ಮೂರರಿಂದ ಆರು ತಿಂಗಳಲ್ಲಿ. ಆಮೇಲೂ ಬರುತ್ತದೆ, ನಿಧಾನ. ಈ ಹೊತ್ತಿನಲ್ಲಿ ಅಮ್ಮನನ್ನು ಸಾಗಿಸಬೇಡಿ. ಅಮ್ಮ ಒಂದೇ ಮನೆಯಲ್ಲಿರಲಿ, ನೀವು ಮೂವರೂ ಸರದಿಯಲ್ಲಿ ಅಲ್ಲಿಗೆ ಬನ್ನಿ. ಜಾಗ ಕೊಟ್ಟ ಮನೆಯವರಿಗೆ ಉಳಿದಿಬ್ಬರು ದುಡ್ಡು ಜಾಸ್ತಿ ಹಾಕಲಿ. ಹೊಸಕೋಟೆಯಿಂದ ಕೆಂಗೇರಿಗೆ ಟ್ರಾಫಿಕ್ಕಿನಲ್ಲಿ ನೀವು ಕೂರಬಲ್ಲಿರಿ, ಅವರ ಸೊಂಟ ಕೂರಲಾರದು.

ಅದು ಆಗುವುದೇ ಇಲ್ಲ ಅನ್ನುವುದಾದರೆ 200 ಪುಟದ ಒಂದು ಲಾಂಗ್ ನೋಟ್‌ಬುಕ್ ತನ್ನಿ. ಅಮ್ಮ ಎಲ್ಲಿಗೋ ಪುಸ್ತಕ ಅಲ್ಲಿಗೆ. ಎಷ್ಟು ಗಂಟೆಗೆ ಎಡಕ್ಕೆ ತಿರುಗಿಸಿದ್ದು, ಎಷ್ಟಕ್ಕೆ ಬಲಕ್ಕೆ. ಟ್ಯೂಬಿನಲ್ಲಿ ಎಷ್ಟು ಎಂಎಲ್ ಹೋಯಿತು. ಮೂತ್ರ ಎಷ್ಟು, ಬಣ್ಣ ಹೇಗಿದೆ. ಫಿಜಿಯೋ ಏನು ಮಾಡಿಸಿದರು, ಇವತ್ತು ಹೆಬ್ಬೆರಳು ಆಡಿತಾ. ವಾಟ್ಸಾಪ್ ಗ್ರೂಪ್ ಇದೆಯಲ್ಲ ಅನ್ನಬೇಡಿ. ಗುಡ್ ಮಾರ್ನಿಂಗ್ ಗುಲಾಬಿಗಳ ಮಧ್ಯೆ ಅಮ್ಮನ ಜ್ವರ ಹುಡುಕುವುದು ಯಾರು?

ಹೋಮ್ ನರ್ಸ್ ವಿಷಯ. ಏಜೆನ್ಸಿಯವರು ಎಲ್ಲರಿಗೂ "ಸಿಸ್ಟರ್" ಅಂತಲೇ ಹೇಳಿ ಕಳಿಸುತ್ತಾರೆ. ಬಂದವರು ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಣಿ ಆದ ನರ್ಸಾ, ಇಲ್ಲ ಅಟೆಂಡರಾ ಅಂತ ಮೊದಲೇ ಕೇಳಿ. ಸ್ನಾನ, ಬಟ್ಟೆ, ಮಗ್ಗುಲು ಬದಲಿಸಲು ಒಳ್ಳೆಯ ಅಟೆಂಡರ್ ಸಾಕು, ನಿಮಗೆ ಬೇಕಿರುವುದೂ ಅದೇ. ಇಂಜೆಕ್ಷನ್, ಟ್ಯೂಬ್ ಬದಲಿಸುವುದು, ಕ್ಯಾಥೆಟರ್ ಅಂದರೆ ಮೂತ್ರದ ಕೊಳವೆ, ಇದೆಲ್ಲ ನರ್ಸೇ ಮಾಡಬೇಕು. ಮತ್ತೆ ಏಜೆನ್ಸಿಯವರು ತಿಂಗಳಿಗೆ ಎರಡು ಸಲ ಜನ ಬದಲಾಯಿಸುತ್ತಾರೆ. ಆಗಲೂ ಕೈಹಿಡಿಯುವುದು ಅದೇ ನೋಟ್‌ಬುಕ್ಕು.

ಪ್ರಶ್ನೆ: ಶಿಫ್ಟ್ ಮಾಡುವಾಗ ಆಸ್ಪತ್ರೆಯ ಫೈಲ್ ಕಳೆದುಹೋಯಿತು. ಕೇಳಿದರೆ ನಾಳೆ ಬನ್ನಿ ಅನ್ನುತ್ತಾರೆ. ನಾಲ್ಕು ಸಲ ಆಯಿತು.
ಓದುಗರು, ಮಲ್ಲೇಶ್ವರ

ಉತ್ತರ: ಬಾಯಲ್ಲಿ ಕೇಳಬೇಡಿ. ಅರ್ಜಿ ಬರೆದು, ಎಂಆರ್‌ಡಿ ಅಂದರೆ ಮೆಡಿಕಲ್ ರೆಕಾರ್ಡ್ಸ್ ವಿಭಾಗಕ್ಕೆ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. 2002ರ ವೈದ್ಯಕೀಯ ಮಂಡಳಿಯ ನಿಯಮದ ಪ್ರಕಾರ ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಒಳರೋಗಿಗಳ ದಾಖಲೆ 3 ವರ್ಷ ಇಟ್ಟಿರಬೇಕು ಅಂತಲೂ ಇದೆ. ಸಿಕ್ಕ ದಿನವೇ ಪ್ರತಿ ಪುಟದ ಫೋಟೋ ತೆಗೆದು ಮನೆಯ ಇಬ್ಬರ ಫೋನಿನಲ್ಲಿ ಇಡಿ.

ಪ್ರಶ್ನೆ: ಮನೆಯವರಿಗೆ ಹೊಟ್ಟೆ ಆಪರೇಷನ್ ಆಗಿ 10 ದಿನ. ನಂಜಾಗುತ್ತದೆ ಅಂತ ಅತ್ತೆ ಬದನೆಕಾಯಿ, ಬೇಳೆ, ಮೊಟ್ಟೆ, ಮೊಸರು ಎಲ್ಲ ನಿಲ್ಲಿಸಿದ್ದಾರೆ. ಬರೀ ರವೆ ಗಂಜಿ, ಬ್ರೆಡ್ಡು. ನೋಡಲು ಬರುವವರೆಲ್ಲ ಎಳನೀರು ತರುತ್ತಾರೆ, ದಿನಕ್ಕೆ ನಾಲ್ಕು ಕುಡಿಸುತ್ತಾರೆ.
ಗೃಹಿಣಿ, ಹನುಮಂತನಗರ

ಉತ್ತರ: ಅತ್ತೆಯ ಜೊತೆ ಜಗಳಕ್ಕೆ ನನ್ನನ್ನು ಎಳೆಯಬೇಡಿ ಮಾರಾಯ್ತಿ! ಬದನೆಕಾಯಿ ಬಿಟ್ಟರೆ ನಷ್ಟ ಇಲ್ಲ, ಅದೊಂದನ್ನು ಅವರಿಗೆ ಬಿಟ್ಟುಕೊಡಿ. ಆದರೆ ಬೇಳೆ, ಮೊಟ್ಟೆ, ಮೊಸರು ಬೇಕೇ ಬೇಕು. ಗಾಯ ಕೂಡುವುದು ಪ್ರೋಟೀನಿನಿಂದ, ಬ್ರೆಡ್ಡಿನಿಂದಲ್ಲ. ಮೊಸರು ತಿಂದರೆ ಕೀವಾಗುವುದಿಲ್ಲ. ಕಿಡ್ನಿ ತೊಂದರೆ ಇದ್ದರೆ ಮಾತ್ರ ಪ್ರೋಟೀನ್ ಎಷ್ಟು ಅಂತ ಡಾಕ್ಟರನ್ನು ಕೇಳಿ. ಡಾಕ್ಟರ್ ಪಥ್ಯ ಬರೆದು ಕೊಟ್ಟಿದ್ದರೆ ಅತ್ತೆಗೆ ಅದನ್ನೇ ಓದಿ ಹೇಳಿ, ಸೊಸೆಯ ಮಾತಿಗಿಂತ ಚೀಟಿಯ ಮಾತು ನಡೆಯುತ್ತದೆ.

ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ. ಕಿಡ್ನಿ ಸರಿಯಿದ್ದವರು ಒಂದು ಕುಡಿದರೆ ಏನೂ ಇಲ್ಲ. ಕಿಡ್ನಿ ಕೆಟ್ಟವರಿಗೆ, ಮೈಯಲ್ಲಿ ಪೊಟ್ಯಾಸಿಯಂ ಉಳಿಸುವ ಸ್ಪೈರೊನೊಲ್ಯಾಕ್ಟೋನ್ ತರಹದ ಮಾತ್ರೆ ತಗೊಳ್ಳುವವರಿಗೆ ಅದೇ ಎಳನೀರು ಹೃದಯದ ಬಡಿತ ಕೆಡಿಸುತ್ತದೆ. ಬಂದವರಿಗೆ ಕಾಫಿ ಮಾಡುವುದರಲ್ಲೇ ನಿಮ್ಮ ಅರ್ಧ ದಿನ ಹೋಗುತ್ತಿದೆ ಅಂತ ನನಗೆ ಪತ್ರ ಓದಿದರೇ ಗೊತ್ತಾಗುತ್ತೆ. ನೆಗಡಿ ಇದ್ದವರನ್ನು ಬಾಗಿಲಲ್ಲೇ ಮಾತಾಡಿಸಿ ಕಳಿಸಿ. ಗಾಯದ ಫೋಟೋ ದಿನಾ ಒಂದೇ ಬೆಳಕಿನಲ್ಲಿ ತೆಗೆಯಿರಿ. ಕೆಂಪು ಹರಡುತ್ತಿದ್ದರೆ, ಕೀವು, ಜ್ವರ, ಹೊಲಿಗೆ ಬಿಟ್ಟುಕೊಂಡಿದ್ದರೆ ಅಪಾಯಿಂಟ್‌ಮೆಂಟ್ ತನಕ ಕಾಯಬೇಡಿ.

ಪ್ರಶ್ನೆ: ಯಜಮಾನರು 12 ದಿನ ಐಸಿಯುನಲ್ಲಿದ್ದು ಬಂದರು. ಜ್ವರ, ಉಸಿರಾಟ ಎಲ್ಲ ಸರಿಹೋಗಿದೆ. ಆದರೆ ಮೊದಲಿನ ಮನುಷ್ಯನೇ ಅಲ್ಲ. ರಾತ್ರಿ ಗೋಡೆ ಮೇಲೆ ಇರುವೆ ಹರಿಯುತ್ತಿದೆ ಅನ್ನುತ್ತಾರೆ, ಸಣ್ಣದಕ್ಕೂ ಅಳುತ್ತಾರೆ. ಊರಿಂದ ಬಂದವರು ಏನೋ ಗಾಳಿ ಸೋಕಿದೆ, ಮಂತ್ರ ಹಾಕಿಸಿ ಅನ್ನುತ್ತಿದ್ದಾರೆ. ನಾನು ಮಲಗಿ ಹದಿನೈದು ದಿನ ಆಯಿತು.
ಯಲಹಂಕ

ಉತ್ತರ: ಗಾಳಿ ಅಲ್ಲಮ್ಮ. ಐಸಿಯುನಲ್ಲಿ ಹಗಲು ರಾತ್ರಿ ಒಂದೇ, ದೀಪ ಆರುವುದಿಲ್ಲ, ಮಷೀನು ಕೂಗುತ್ತಲೇ ಇರುತ್ತದೆ, ಮೇಲೆ ನಿದ್ದೆ ಬರಿಸುವ ಔಷಧಿ. ಅಲ್ಲಿಂದ ಬಂದ ಎಷ್ಟೋ ಜನರಿಗೆ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಮರೆವು, ಭಯ, ಅಳು, ಕೈಕಾಲಿನ ಸೋಲು ಇರುತ್ತದೆ. ಆದರೆ ಇರುವೆ ಕಾಣುವುದನ್ನು ಮಾತ್ರ ಡಾಕ್ಟರಿಗೆ ಬೇಗ ಹೇಳಬೇಕು. ಮೂತ್ರದ ಸೋಂಕು, ಸೋಡಿಯಂ ಕಡಿಮೆಯಾಗುವುದು, ಶುಗರ್ ಇಳಿಯುವುದು ಇದರಿಂದಲೂ ಹೀಗಾಗುತ್ತದೆ. ರಕ್ತ, ಮೂತ್ರ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಮೊದಲು ಕುಡಿಯುವ ಅಭ್ಯಾಸ ಇದ್ದಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ. ನಿದ್ದೆ ಮಾತ್ರೆಯನ್ನು ನೀವೇ ತಂದು ಕೊಡಬೇಡಿ.

ಮನೆಯಲ್ಲಿ ಅವರ ಕನ್ನಡಕ ಹಾಕಿಸಿ. ಹಗಲು ಕಿಟಕಿ ತೆರೆದಿಡಿ, ರಾತ್ರಿ ಕತ್ತಲು ಮಾಡಿ. ಗಡಿಯಾರ, ತಾರೀಖಿನ ಕ್ಯಾಲೆಂಡರ್ ಕಣ್ಣೆದುರಿಗಿರಲಿ. "ಇರುವೆ ಎಲ್ಲಿದೆ?" ಅಂತ ವಾದ ಮಾಡಬೇಡಿ, ಕೈ ಹಿಡಿದು ಪಕ್ಕದಲ್ಲಿ ಕೂತುಕೊಳ್ಳಿ. ಅಳು, ಭಯ ಹಾಗೇ ಮುಂದುವರಿದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಸಹಾಯವಾಣಿ, ಅದನ್ನು ಮುನ್ನಡೆಸುವ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸ್. ದುಡ್ಡಿಲ್ಲ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಆ ನಂಬರ್ ನಿಮಗೂ. ಊರಿಂದ ಬಂದ ಮಂತ್ರದವರು ಇದ್ದಾರಲ್ಲ, ಅವರಿಗೆ ಇವತ್ತು ರಾತ್ರಿಯ ಪಾಳಿ ಕೊಟ್ಟು ನೀವು ಇನ್ನೊಂದು ರೂಮಿನಲ್ಲಿ ಬಾಗಿಲು ಹಾಕಿಕೊಂಡು ಮಲಗಿ.

ಪ್ರಶ್ನೆ: ಚಿಕ್ಕಮ್ಮನಿಗೆ ಕ್ಯಾನ್ಸರ್. ಇನ್ನು ಚಿಕಿತ್ಸೆ ಇಲ್ಲ, ಮನೆಗೆ ಕರ್ಕೊಂಡು ಹೋಗಿ ಅಂದರು. ನೋವು ನೋಡಲಾಗುತ್ತಿಲ್ಲ.
ಕೆ.ಆರ್. ಪುರ

ಉತ್ತರ: ಕ್ಯಾನ್ಸರಿಗೆ ಚಿಕಿತ್ಸೆ ಇಲ್ಲ ಅಂದರೆ ನೋವಿಗೂ ಇಲ್ಲ ಅಂತಲ್ಲ. ಪ್ಯಾಲಿಯೇಟಿವ್ ಕೇರ್, ಅಂದರೆ ನೋವು, ಸಂಕಟ ಕಡಿಮೆ ಮಾಡುವ ಆರೈಕೆ, ಅಂತ ಕೇಳಿ. ಕಿದ್ವಾಯಿಯಲ್ಲಿ ಅದಕ್ಕೆ ವಿಭಾಗ ಇದೆ. ನಿಮಗೆ ಹತ್ತಿರ ಮಾರತ್ತಹಳ್ಳಿಯ ಕಡೆ ಕರುಣಾಶ್ರಯ ಇದೆ, ಕೈಮೀರಿದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಾರೆ, ಮನೆಗೂ ಬರುತ್ತಾರೆ. ಡಾಕ್ಟರ್ ಮಾರ್ಫಿನ್ ಮಾತ್ರೆ ಬರೆದರೆ ಹೆದರಬೇಡಿ, ನೋವು ಬಂದಾಗ ಅಲ್ಲ, ಗಡಿಯಾರ ನೋಡಿ ಹೊತ್ತಿಗೆ ಸರಿಯಾಗಿ ಕೊಡಿ. ಅದರ ಜೊತೆ ಮಲಬದ್ಧತೆಗೂ ಔಷಧಿ ಬರೆಸಿಕೊಳ್ಳಿ, ಅದನ್ನು ಎಲ್ಲರೂ ಮರೆಯುತ್ತಾರೆ.

ಪ್ರಶ್ನೆ: ಮನೆಗೆ ಬಂದ ಮೇಲಿನ ಖರ್ಚು ಇನ್ಶೂರೆನ್ಸಿನಲ್ಲಿ ಬರುತ್ತದಾ?
ಬನಶಂಕರಿ

ಉತ್ತರ: ಬರುತ್ತದೆ, ಜನ ಕೇಳುವುದೇ ಇಲ್ಲ. ಖಾಸಗಿ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಡಿಸ್ಚಾರ್ಜ್ ಆದ ಮೇಲೆ 60 ಅಥವಾ 90 ದಿನದವರೆಗೆ ಅದೇ ಕಾಯಿಲೆಯ ಔಷಧಿ, ಟೆಸ್ಟ್, ಡಾಕ್ಟರ್ ಫೀಸಿಗೆ ಕೊಡುತ್ತಾರೆ. ನಿಮ್ಮ ಪಾಲಿಸಿಯಲ್ಲಿ ಎಷ್ಟು ಅಂತ ನೋಡಿ. ಬಿಲ್ಲು, ಡಾಕ್ಟರ್ ಚೀಟಿ ಎರಡೂ ಬೇಕು. ಆಯುಷ್ಮಾನ್ ಭಾರತದಲ್ಲಿ 15 ದಿನದ ಔಷಧಿ, ಪರೀಕ್ಷೆ ಪ್ಯಾಕೇಜಿನಲ್ಲೇ ಸೇರಿದೆ.

ಪ್ರಶ್ನೆ: ತಮ್ಮನಿಗೆ ಕಿಡ್ನಿ ಕಲ್ಲು ತೆಗೆಸಿ 4 ತಿಂಗಳಾಯಿತು. ಆರಾಮಾಗಿ ಕೆಲಸಕ್ಕೆ ಹೋಗುತ್ತಿದ್ದಾನೆ, ಆಗಾಗ ಉರಿಮೂತ್ರ ಅಷ್ಟೇ. ಫಾಲೋಅಪ್‌ಗೆ ಹೋಗಲಿಲ್ಲ, ಎಲೆಕ್ಟ್ರಾನಿಕ್ ಸಿಟಿಯಿಂದ ಹೆಬ್ಬಾಳಕ್ಕೆ ಅರ್ಧ ದಿನ ಬೇಕು. ಮೊನ್ನೆ ಪೇಪರ್ ನೋಡಿದರೆ "4 ವಾರದ ನಂತರ ಡಿಜೆ ಸ್ಟೆಂಟ್ ರಿಮೂವಲ್" ಅಂತಿದೆ. ಅಂದರೇನು?
ಅಕ್ಕ, ಎಲೆಕ್ಟ್ರಾನಿಕ್ ಸಿಟಿ

ಉತ್ತರ: ಅಂದರೆ ಕಿಡ್ನಿಯಿಂದ ಮೂತ್ರಕೋಶದವರೆಗೆ ಒಂದು ತೆಳ್ಳಗಿನ ಕೊಳವೆ ಇನ್ನೂ ಅವನೊಳಗೇ ಇದೆ. ಹೃದಯದ ಸ್ಟೆಂಟ್ ಹಾಗೆ ಇದು ಉಳಿಯುವಂಥದ್ದಲ್ಲ, ತೆಗೆಯಲೇಬೇಕು. ಹಾಗೇ ಬಿಟ್ಟರೆ ಕೊಳವೆಯ ಮೇಲೇ ಕಲ್ಲು ಕಟ್ಟುತ್ತದೆ, ಸೋಂಕಾಗುತ್ತದೆ, ಕಿಡ್ನಿಯೂ ಕೆಡುತ್ತದೆ. ಕಲ್ಲು ಕಟ್ಟಿಲ್ಲದಿದ್ದರೆ ತೆಗೆಯುವುದು ಸಣ್ಣ ಕೆಲಸ, ಹೆಚ್ಚಾಗಿ ಅವತ್ತೇ ಮನೆಗೆ ಕಳಿಸುತ್ತಾರೆ. ಜ್ವರ ಬಂದು ಚಳಿ ನಡುಗಿದರೆ ಎಮರ್ಜೆನ್ಸಿಗೇ ಹೋಗಿ. ಇಲ್ಲದಿದ್ದರೆ ನಾಳೆ ರಜೆ ಹಾಕಿಸಿ, ಹೆಬ್ಬಾಳ ದೂರ ಅನಿಸಿದರೆ ಹತ್ತಿರದ ಯೂರಾಲಜಿಸ್ಟ್ ಹತ್ತಿರವಾದರೂ ಸರಿ, ಆ ಪೇಪರ್ ಹಿಡಿದುಕೊಂಡು ಹೋಗಿ. ನಿಮ್ಮ ತಮ್ಮ "ಆರಾಮಿದ್ದೀನಿ ಬಿಡಕ್ಕ" ಅನ್ನುತ್ತಾನೆ, ಕೇಳಬೇಡಿ.